ಜಡತ್ವದ ಪ್ರಯೋಗ ಪೆಟ್ಟಿಗೆ: ಯಾವ ಸಾಮಾನು ಮಕ್ಕಳ ತಿಳುವಳಿಕೆ ಬದಲಿಸುತ್ತದೆ, ಯಾವುದು ಬದಲಿಸುವುದಿಲ್ಲ

ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಕಲಿಸುವವಳು ನಾನು. ಹೊರಗಿನ ಬಲ ಇಲ್ಲದಿದ್ದರೆ ನಿಂತ ವಸ್ತು ನಿಂತೇ ಇರುವ, ಓಡುವ ವಸ್ತು ಅದೇ ವೇಗದಲ್ಲಿ ನೆಟ್ಟಗೆ ಓಡುತ್ತಲೇ ಇರುವ ಗುಣವೇ ಜಡತ್ವ. ಜಡತ್ವದ ಪಾಠಕ್ಕೆಂದೇ ಮಾಡಿದ ಒಂದು ಪ್ರಯೋಗ ಪೆಟ್ಟಿಗೆಯನ್ನು ನಮ್ಮ ಲ್ಯಾಬಿಗೆ ತರಿಸಿ ಒಂದು ಪೂರ್ತಿ ಶೈಕ್ಷಣಿಕ ವರ್ಷ ಬಳಸಿದ್ದೇನೆ. ಈ ಬಗೆಯ ಪೆಟ್ಟಿಗೆಗಳನ್ನು ಹಲವರು ತಯಾರಿಸುತ್ತಾರೆ. ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ ಇರುತ್ತದೆ, ಬಣ್ಣ ಮತ್ತು ಬೆಲೆ ಬೇರೆ ಬೇರೆ. ಹಾಗಾಗಿ ಕಂಪನಿಯ ಹೆಸರು ಬಿಟ್ಟು, ಒಂದೊಂದು ಸಾಮಾನೂ ತರಗತಿಯಲ್ಲಿ ಹೇಗೆ ನಡೆದುಕೊಂಡಿತು ಅನ್ನುವುದನ್ನು ಬರೆಯುತ್ತೇನೆ. ಕೊಳ್ಳಬೇಕು ಎಂದುಕೊಂಡಿರುವ ಶಿಕ್ಷಕರಿಗೆ ಅದೇ ಹೆಚ್ಚು ಉಪಯೋಗ.

ಪೆಟ್ಟಿಗೆಯಲ್ಲಿ ಇದ್ದದ್ದು ಇವು: ಒಂದು ಲೋಟ, ರಟ್ಟು, ನಾಣ್ಯದಂಥ ಲೋಹದ ಬಿಲ್ಲೆ. ಮೇಲೂ ಕೆಳಗೂ ಕೊಕ್ಕೆ ಇರುವ ಒಂದು ಕಿಲೋ ತೂಕದ ಗುಂಡು, ಒಂದು ಉಂಡೆ ದಾರ. ಒಳಗೆ ಫ್ಯಾನ್ ಇದ್ದು, ನೆಲದ ಮೇಲೆ ಗಾಳಿಯಲ್ಲಿ ತೇಲಿಕೊಂಡು ಓಡುವ ಎರಡು ಪ್ಲಾಸ್ಟಿಕ್ ಡಿಸ್ಕ್. ಸ್ಪ್ರಿಂಗಿನಿಂದ ಚೆಂಡನ್ನು ನೆಟ್ಟಗೆ ಮೇಲಕ್ಕೆ ಹಾರಿಸುವ ಚಕ್ರದ ಗಾಡಿ. ಬಗ್ಗಿಸಬಹುದಾದ ಹಳಿ ಮತ್ತು ಸ್ಟೀಲ್ ಗುಂಡುಗಳು. ಕಾಲು ಭಾಗ ಕಳಚಬಹುದಾದ ಒಂದು ಬಳೆಯಾಕಾರದ ಕಟ್ಟು. ಎರಡು ಉಕ್ಕಿನ ಪಟ್ಟಿಗಳ ಮೇಲೆ ಅಡ್ಡಡ್ಡ ತೂಗುವ ಜಡತ್ವದ ತಕ್ಕಡಿ. ಜೊತೆಗೆ ಒಂದು ಕೈಪಿಡಿ.

ಒಂದೊಂದನ್ನೂ ಅಳೆಯಲು ನಾನು ಇಟ್ಟುಕೊಂಡದ್ದು ಒಂದೇ ಒರೆಗಲ್ಲು. ತಪ್ಪು ತಿಳಿದುಕೊಂಡಿರುವ ವಿದ್ಯಾರ್ಥಿ ಈ ಪ್ರಯೋಗದ ಫಲಿತಾಂಶವನ್ನು ಮೊದಲೇ ಹೇಳು ಎಂದರೆ ತಪ್ಪಾಗಿ ಹೇಳುತ್ತಾನೆಯೇ? ತಪ್ಪಾಗಿ ಹೇಳಿದರೆ ಆ ಪ್ರಯೋಗಕ್ಕೆ ಕೆಲಸ ಇದೆ. ಸರಿಯಾಗಿ ಹೇಳಿಬಿಟ್ಟರೆ, ಎಷ್ಟೇ ಚಪ್ಪಾಳೆ ಬಿದ್ದರೂ ಅವನ ತಲೆಯೊಳಗಿನ ತಪ್ಪು ಇದ್ದಲ್ಲೇ ಇರುತ್ತದೆ.

ಮಕ್ಕಳು ಏನನ್ನು ನಂಬಿಕೊಂಡು ಬರುತ್ತಾರೆ ಅನ್ನುವುದು ಹೊಸ ವಿಷಯವಲ್ಲ. ಓಡುವ ವಸ್ತುವಿನ ಮೇಲೆ ಓಡುವ ದಿಕ್ಕಿಗೆ ಬಲ ಇರಲೇಬೇಕು. ಬಲ ನಿಂತರೆ ಓಟವೂ ನಿಲ್ಲುತ್ತದೆ. ತಳ್ಳಿದವರು ಕೈ ತೆಗೆದ ಮೇಲೂ ಓಡುತ್ತಿದ್ದರೆ, ತಳ್ಳಿದ ಬಲ ವಸ್ತುವಿನ ಒಳಗೆ ಸೇರಿಕೊಂಡಿದೆ, ಅದು ಖರ್ಚಾಗುತ್ತ ಬಂದು ಕೊನೆಗೆ ಮುಗಿಯುತ್ತದೆ. ಈ ಕೊನೆಯದನ್ನು 6ನೇ ಶತಮಾನದಲ್ಲಿ ತತ್ತ್ವಜ್ಞಾನಿ ಜಾನ್ ಫಿಲೋಪೊನಸ್ ಹೇಳಿದ್ದ. 14ನೇ ಶತಮಾನದಲ್ಲಿ ಪ್ಯಾರಿಸಿನ ಜಾನ್ ಬ್ಯುರಿಡಾನ್ ಅದನ್ನೇ ಇನ್ನಷ್ಟು ಬೆಳೆಸಿ ಇಂಪಿಟಸ್ ಎಂದು ಕರೆದ. ಆದರೆ ಬ್ಯುರಿಡಾನನ ಇಂಪಿಟಸ್ ತಾನಾಗಿ ಕರಗುವಂಥದ್ದಲ್ಲ, ಗಾಳಿಯೋ ವಸ್ತುವಿನ ಭಾರವೋ ಎದುರಾದಾಗ ಮಾತ್ರ ಕುಗ್ಗುವಂಥದ್ದು. ನಮ್ಮ ಮಕ್ಕಳ ಕಲ್ಪನೆ ಫಿಲೋಪೊನಸ್‌ಗೆ ಹೆಚ್ಚು ಹತ್ತಿರ. ಅಷ್ಟು ದೊಡ್ಡ ತಲೆಗಳು ಯೋಚಿಸಿ ಕಟ್ಟಿದ ವಿಚಾರವನ್ನು ಹದಿನಾಲ್ಕರ ಹುಡುಗಿ ತಾನೇ ಕಂಡುಕೊಂಡು ಬಂದಿದ್ದಾಳೆ ಅಂದರೆ ಅದು ಸೋಮಾರಿತನದ ತಪ್ಪಲ್ಲ. ಘರ್ಷಣೆ ಇರುವ ಲೋಕದಲ್ಲಿ ಹುಟ್ಟಿ ಬೆಳೆದವರಿಗೆ ಹಾಗೆ ಅನ್ನಿಸುವುದೇ ಸಹಜ. ಹಾಗಾಗಿ ‘ತಪ್ಪು’ ಎಂದು ಗದರಿದರೆ ಅದು ಹೋಗುವುದಿಲ್ಲ.

ಲೋಟ, ರಟ್ಟು, ಬಿಲ್ಲೆಯಿಂದ ಶುರುಮಾಡೋಣ, ಕೈಪಿಡಿಯೂ ಅಲ್ಲಿಂದಲೇ ಶುರುವಾಗುತ್ತದೆ. ಲೋಟದ ಮೇಲೆ ರಟ್ಟು, ರಟ್ಟಿನ ಮೇಲೆ ಬಿಲ್ಲೆ. ರಟ್ಟನ್ನು ಬೆರಳಿನಿಂದ ಚಿಮ್ಮಿದರೆ ಬಿಲ್ಲೆ ಲೋಟಕ್ಕೆ ಬೀಳುತ್ತದೆ. ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ತರಗತಿಯಲ್ಲಿ ‘ಏನಾಗುತ್ತದೆ?’ ಎಂದು ಕೇಳಿದೆ. ಹೆಚ್ಚುಕಡಿಮೆ ಎಲ್ಲರೂ ‘ಲೋಟಕ್ಕೆ ಬೀಳುತ್ತೆ ಮೇಡಂ’ ಅಂದರು. ಯಾಕೆ ಎಂದು ಕೇಳಿದಾಗ ಬಂದ ಉತ್ತರ: ‘ರಟ್ಟನ್ನು ತಳ್ಳಿದ್ರಿ, ಬಿಲ್ಲೆಯನ್ನು ತಳ್ಳಿಲ್ಲ. ತಳ್ಳದೆ ಇದ್ದರೆ ಯಾವುದೂ ಹೋಗಲ್ಲ.’ ಈ ವಾಕ್ಯದ ಎರಡನೇ ಅರ್ಧವೇ ನಾವು ಕೀಳಬೇಕಾದ ಬೇರು. ಪ್ರಯೋಗ ಅದಕ್ಕೆ ನೀರೆರೆಯಿತು. ಸುಮ್ಮನಿರುವುದೇ ವಸ್ತುವಿನ ಸ್ವಭಾವ ಎಂದು ನಂಬಿದವನಿಗೆ ಈ ಬಿಲ್ಲೆ ಇನ್ನೊಂದು ಪುರಾವೆ ಅಷ್ಟೆ. ಅದೂ ಅಲ್ಲದೆ ಬಿಲ್ಲೆಯ ಮೇಲೆ ಬಲವೇ ಇಲ್ಲ ಎನ್ನುವುದು ನಿಜವಲ್ಲ. ರಟ್ಟು ಜಾರುವಾಗ ಘರ್ಷಣೆ ಬಿಲ್ಲೆಯನ್ನು ಮುಂದಕ್ಕೆ ಎಳೆಯುತ್ತದೆ, ಆದರೆ ಅತಿ ಸ್ವಲ್ಪ ಹೊತ್ತು. ನಿಧಾನವಾಗಿ ಎಳೆದರೆ ಬಿಲ್ಲೆ ರಟ್ಟಿನ ಜೊತೆಯೇ ಹೋಗುತ್ತದೆ. ಈ ಎರಡನೇ ಭಾಗವನ್ನು ಕೈಪಿಡಿ ಹೇಳುವುದೇ ಇಲ್ಲ. ಜಡತ್ವದ ಮೊದಲ ಪಾಠಕ್ಕೆ ಇದು ಬೇಡ.

ದಾರ ಕಟ್ಟಿದ ಗುಂಡಿನ ವಿಷಯ ಬೇರೆ. ಗುಂಡನ್ನು ಮೇಲಿನಿಂದ ಒಂದು ದಾರದಲ್ಲಿ ತೂಗುಬಿಟ್ಟು, ಕೆಳಗಿನ ಕೊಕ್ಕೆಗೆ ಅದೇ ದಾರದ ಇನ್ನೊಂದು ತುಂಡು ಕಟ್ಟುತ್ತೇವೆ. ಕೆಳಗಿನ ದಾರವನ್ನು ನಿಧಾನವಾಗಿ ಎಳೆದರೆ ಮೇಲಿನದು ತುಂಡಾಗುತ್ತದೆ, ಅದು ಗುಂಡಿನ ಭಾರವನ್ನೂ ನಮ್ಮ ಎಳೆತವನ್ನೂ ಒಟ್ಟಿಗೆ ಹೊರಬೇಕಲ್ಲ. ಫಕ್ಕನೆ ಜಗ್ಗಿದರೆ ಕೆಳಗಿನದು ತುಂಡಾಗುತ್ತದೆ. ಮಕ್ಕಳ ಊಹೆ ಇಲ್ಲಿ ನಿಜವಾಗಿ ಒಡೆಯುತ್ತದೆ, ಅರ್ಧ ತರಗತಿ ಒಂದು ಕಡೆ, ಅರ್ಧ ಇನ್ನೊಂದು ಕಡೆ. ಮೇಲಿನ ದಾರಕ್ಕೆ ಹೆಚ್ಚಿನ ಸೆಳೆತ ತಲುಪಬೇಕಾದರೆ ಗುಂಡು ಕೂದಲೆಳೆಯಷ್ಟಾದರೂ ಕೆಳಗೆ ಸರಿಯಬೇಕು. ಅಷ್ಟು ಸರಿಯಲು ಒಂದು ಕಿಲೋ ಗುಂಡಿಗೆ ಸಮಯ ಬೇಕು, ಅಷ್ಟರೊಳಗೆ ಕೆಳಗಿನ ದಾರ ಕಿತ್ತುಹೋಗಿರುತ್ತದೆ. ಇದನ್ನು ಸಮಯದ ಭಾಷೆಯಲ್ಲಿ ವಿವರಿಸಿದರೆ ಚೆನ್ನಾಗಿ ಇಳಿಯುತ್ತದೆ. ‘ಗುಂಡಿನ ಜಡತ್ವ ತಡೆಯಿತು’ ಎಂದು ಮುಗಿಸಿದರೆ ಜಡತ್ವ ಅನ್ನುವುದು ಎದುರು ನಿಂತು ತಳ್ಳುವ ಒಂದು ಬಲ ಎಂಬ ಭಾವನೆ ಹುಟ್ಟುತ್ತದೆ. ಗುಂಡು ಬೀಳುವಲ್ಲಿ ದಪ್ಪ ಬಟ್ಟೆಯನ್ನೋ ಮರಳಿನ ತಟ್ಟೆಯನ್ನೋ ಇಡಿ, ಯಾರೂ ಹತ್ತಿರ ಕಾಲಿಡದಂತೆ ನೋಡಿಕೊಳ್ಳಿ. ಕೈಪಿಡಿಯಲ್ಲಿ ಈ ಎಚ್ಚರಿಕೆ ಇಲ್ಲ.

ಇನ್ನು ಪೆಟ್ಟಿಗೆಯ ಜೀವ ಎಂದು ನಾನು ಹೇಳುವ ಸಾಮಾನು: ತೇಲುವ ಡಿಸ್ಕ್. ನಮ್ಮ ಮಕ್ಕಳು ಇದನ್ನು ತೇಲುಬಿಲ್ಲೆ ಎಂದು ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಒಳಗಿನ ಫ್ಯಾನ್ ಗಾಳಿಯನ್ನು ಕೆಳಕ್ಕೆ ಊದುತ್ತದೆ, ಬಿಲ್ಲೆ ತೆಳುವಾದ ಗಾಳಿಪದರದ ಮೇಲೆ ಏಳುತ್ತದೆ, ನೆಲದ ಘರ್ಷಣೆ ಬಹುಪಾಲು ಇಲ್ಲವಾಗುತ್ತದೆ. ಒಮ್ಮೆ ಮೆಲ್ಲನೆ ತಳ್ಳಿ ಬಿಟ್ಟರೆ ನುಣುಪು ನೆಲದ ಮೇಲೆ ಗೋಡೆ ಸಿಗುವ ತನಕ ಹೋಗುತ್ತದೆ.

ಮೊದಲು ಫ್ಯಾನ್ ಹಾಕದೆ ತಳ್ಳಿಸಿದೆ. ಕರಕರ ಎಂದು ಒಂದು ಮೊಳ ಹೋಗಿ ನಿಂತಿತು. ‘ಯಾಕೆ ನಿಂತಿತು?’ ‘ಕೊಟ್ಟ ಬಲ ಮುಗೀತು.’ ಫ್ಯಾನ್ ಹಾಕಿ ಅದೇ ಹುಡುಗಿಗೆ ಅಷ್ಟೇ ಮೆಲ್ಲಗೆ ತಳ್ಳಲು ಹೇಳಿದೆ. ತರಗತಿಯ ಆ ಕೊನೆಯವರೆಗೂ ಹೋಯಿತು. ಈಗ ಕೇಳಿದೆ: ‘ಈ ಸಲ ಬಲ ಯಾಕೆ ಮುಗಿಯಲಿಲ್ಲ?’ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ, ‘ಫ್ಯಾನ್ ತಳ್ತಾ ಇದೆ ಮೇಡಂ’ ಅಂದ. ಒಳ್ಳೆಯ ಆಕ್ಷೇಪ. ಈ ಸಾಮಾನು ಬಳಸುವ ಪ್ರತಿಯೊಬ್ಬ ಶಿಕ್ಷಕರಿಗೂ ಈ ಮಾತು ಎದುರಾಗುತ್ತದೆ, ಸಿದ್ಧರಾಗಿರಿ. ಉತ್ತರ ಬಿಲ್ಲೆಯಲ್ಲೇ ಇದೆ. ಫ್ಯಾನ್ ಹಾಕಿ, ತಳ್ಳದೆ, ನೆಲದ ಮೇಲೆ ಸುಮ್ಮನೆ ಬಿಡಿ. ಬಿಲ್ಲೆ ಅಲ್ಲೇ ನಿಂತಿರುತ್ತದೆ. ಎಡಕ್ಕೆ ತಳ್ಳಿದರೆ ಎಡಕ್ಕೆ, ಬಲಕ್ಕೆ ತಳ್ಳಿದರೆ ಬಲಕ್ಕೆ ಹೋಗುತ್ತದೆ. ಫ್ಯಾನ್ ತಳ್ಳುತ್ತಿದ್ದರೆ ಅದಕ್ಕೊಂದು ದಿಕ್ಕು ಇರಬೇಕಿತ್ತು. ನಿಂತಿದ್ದರೆ ನಿಂತೇ ಇರುವುದು, ಓಡುತ್ತಿದ್ದರೆ ಓಡುತ್ತಲೇ ಇರುವುದು: ಎರಡನ್ನೂ ಒಂದೇ ಬಿಲ್ಲೆ ಒಂದೇ ನೆಲದ ಮೇಲೆ ತೋರಿಸುತ್ತದೆ. ನ್ಯೂಟನ್ 1687ರಲ್ಲಿ ಮೊದಲ ನಿಯಮದಲ್ಲಿ ಒಂದೇ ಉಸಿರಿಗೆ ಹೇಳಿದ್ದು ಇದನ್ನೇ. ಈ ಎರಡೂ ಒಂದೇ ಸಂಗತಿ ಎಂದು ಮಕ್ಕಳಿಗೆ ಕಾಣಿಸುವ ಸಾಮಾನು ಪೆಟ್ಟಿಗೆಯಲ್ಲಿ ಬೇರೆ ಇಲ್ಲ.

ಇದರಿಂದ ಇನ್ನೊಂದು ಪ್ರಯೋಗ ಮಾಡಬಹುದು, ಕೈಪಿಡಿಯಲ್ಲಿ ಇಲ್ಲದ್ದು. ಎರಡು ಬಿಲ್ಲೆಗಳನ್ನು ಅಕ್ಕಪಕ್ಕ ಇಟ್ಟು ಒಂದು ಉದ್ದನೆಯ ಅಳತೆಪಟ್ಟಿಯಿಂದ ಒಟ್ಟಿಗೆ ಮುಂದಕ್ಕೆ ತಳ್ಳಿ. ಓಡುತ್ತಿರುವಾಗ ಒಂದು ಬಿಲ್ಲೆಗೆ ಮಾತ್ರ, ಇನ್ನೊಂದರಿಂದ ದೂರ ಸರಿಯುವಂತೆ, ನೇರ ಅಡ್ಡಕ್ಕೆ ಒಂದು ಸಣ್ಣ ಏಟು ಕೊಡಿ. ಏಟು ತಿಂದ ಬಿಲ್ಲೆ ಯಾವ ದಾರಿ ಹಿಡಿಯುತ್ತದೆ? ತರಗತಿಯ ಬಹುತೇಕರು ಏಟು ಬಿದ್ದ ದಿಕ್ಕಿಗೇ ತಿರುಗಿ ಹೋಗುತ್ತದೆ ಎಂದು ಬರೆದರು. ಹಳೆಯ ಚಲನೆ ಅಳಿಸಿಹೋಗಿ ಹೊಸ ಬಲದ ಆಜ್ಞೆ ನಡೆಯುತ್ತದೆ ಎಂಬ ಲೆಕ್ಕ. ಬಿಲ್ಲೆ ಓರೆಯಾಗಿ ಹೋಯಿತು. ಅಷ್ಟೇ ಅಲ್ಲ, ಎದುರು ಗೋಡೆಯ ಬುಡದಲ್ಲಿ ನಾನು ಎಳೆದಿದ್ದ ಸೀಮೆಸುಣ್ಣದ ಗೆರೆಯನ್ನು ಎರಡೂ ಬಿಲ್ಲೆಗಳು ಒಟ್ಟಿಗೆ ದಾಟಿದವು. ಅಡ್ಡ ಏಟು ಮುಂದಿನ ಓಟವನ್ನು ಮುಟ್ಟಲೇ ಇಲ್ಲ. ಆ ಓಟವನ್ನು ಕಾಪಾಡಲು ಯಾರೂ ತಳ್ಳುತ್ತಿರಲಿಲ್ಲ, ಆದರೂ ಅದು ಹಾಗೇ ಇತ್ತು. ಇದನ್ನು ನೋಡಿದ ಮೇಲೆ ಮಕ್ಕಳು ಕೇಳಿದ ಪ್ರಶ್ನೆಗಳ ಮಟ್ಟವೇ ಬೇರೆಯಾಯಿತು.

ಕೈಪಿಡಿಯ ಒಂದು ಗಂಭೀರ ತಪ್ಪನ್ನು ತಿದ್ದಲೂ ಈ ಬಿಲ್ಲೆ ಬೇಕಾಯಿತು. ‘ವೇಗ ಹೆಚ್ಚಿದಂತೆ ವಸ್ತುವಿನ ಜಡತ್ವ ಹೆಚ್ಚುತ್ತದೆ’ ಎಂದು ಅದರಲ್ಲಿ ಅಚ್ಚಾಗಿದೆ. ವೇಗದ ವಾಹನವನ್ನು ನಿಲ್ಲಿಸುವುದು ಕಷ್ಟ ನಿಜ, ಆದರೆ ಅದು ಸಂವೇಗದ, ಅಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಿಗುವುದರ ಮಾತು. ಜಡತ್ವದ ಅಳತೆ ದ್ರವ್ಯರಾಶಿ, ಅದು ವೇಗದ ಜೊತೆ ಏರುವುದಿಲ್ಲ. ಒಂದು ಲೋಲಕವನ್ನು ಅದೇ ಎತ್ತರದಿಂದ ಬಿಟ್ಟು, ಒಮ್ಮೆ ನಿಧಾನವಾಗಿ ಸಾಗುವ ಬಿಲ್ಲೆಗೆ, ಇನ್ನೊಮ್ಮೆ ವೇಗವಾಗಿ ಸಾಗುವ ಬಿಲ್ಲೆಗೆ ಅಡ್ಡ ಏಟು ಬೀಳುವಂತೆ ಮಾಡಿದೆವು. ಮೇಲಿನಿಂದ ಮೊಬೈಲಿನಲ್ಲಿ ಚಿತ್ರಿಸಿ ಚೌಕಟ್ಟು ಚೌಕಟ್ಟಾಗಿ ನೋಡಿದರೆ, ಅಷ್ಟೇ ಸಮಯದಲ್ಲಿ ಎರಡೂ ಹೆಚ್ಚುಕಡಿಮೆ ಅಷ್ಟಷ್ಟೇ ಅಡ್ಡ ಸರಿದಿದ್ದವು. ವೇಗದ ಬಿಲ್ಲೆ ಹೆಚ್ಚು ಹಟ ಮಾಡಲಿಲ್ಲ. ಏಟಿನ ಸಮಯ ಹೊಂದಿಸುವುದಕ್ಕೆ ತಾಳ್ಮೆ ಬೇಕು, ಇಬ್ಬರು ಕೈಪಳಗಿದ ವಿದ್ಯಾರ್ಥಿಗಳಿದ್ದರೆ ಸುಲಭ.

ಬಿಲ್ಲೆಯ ಕುಂದುಗಳನ್ನೂ ಹೇಳಬೇಕು. ನೆಲ ಸ್ವಲ್ಪ ವಾಲಿದ್ದರೂ ಬಿಲ್ಲೆ ತಾನಾಗಿ ಜರುಗುತ್ತದೆ, ಆಗ ಇಡೀ ಪಾಠ ಕೈತಪ್ಪುತ್ತದೆ. ಪೆಟ್ಟಿಗೆಯಲ್ಲಿ ಒಂದು ರಸಮಟ್ಟ ಕೊಡಬೇಕಿತ್ತು, ಕೊಟ್ಟಿಲ್ಲ. ಬ್ಯಾಟರಿ ಇಳಿದಾಗ ಒಂದು ಅಂಚು ನೆಲ ತಾಗಿ ಬಿಲ್ಲೆ ಗಿರಗಿರ ಸುತ್ತಲು ಶುರುಮಾಡುತ್ತದೆ. ಪಾಠದ ಮೊದಲೇ ಬ್ಯಾಟರಿ ಬದಲಿಸಿಡಿ. ಗಾಳಿಯ ತಡೆ ಇದ್ದೇ ಇರುವುದರಿಂದ ಉದ್ದನೆಯ ಹಾಲ್‌ನಲ್ಲಿ ಬಿಟ್ಟರೆ ವೇಗ ಸ್ವಲ್ಪ ಕುಗ್ಗುವುದು ಕಣ್ಣಿಗೆ ಕಾಣುತ್ತದೆ. ಅದನ್ನು ಮುಚ್ಚಿಡಬೇಡಿ. ‘ಇನ್ನೂ ಯಾರು ತಡೆಯುತ್ತಿದ್ದಾರೆ?’ ಎಂದು ಕೇಳುವುದಕ್ಕೆ ಅದು ಒಳ್ಳೆಯ ಅವಕಾಶ.

ಚೆಂಡು ಹಾರಿಸುವ ಗಾಡಿ ನನಗೆ ಎರಡನೇ ಅಚ್ಚುಮೆಚ್ಚು. ಗಾಡಿ ಸಮವೇಗದಲ್ಲಿ ಹೋಗುತ್ತಿರುವಾಗ ಹಳಿಯ ಪಕ್ಕದ ಒಂದು ಮೊಳೆ ಬೀಗವನ್ನು ತಟ್ಟುತ್ತದೆ, ಚೆಂಡು ನೆಟ್ಟಗೆ ಮೇಲೆ ಚಿಮ್ಮುತ್ತದೆ. ಎಲ್ಲಿ ಬೀಳುತ್ತದೆ? ‘ಹಿಂದೆ’ ಎಂದವರೇ ಬಹಳ. ಕಾರಣವನ್ನೂ ಸ್ಪಷ್ಟವಾಗಿ ಹೇಳಿದರು: ಗಾಡಿಯನ್ನು ಬಿಟ್ಟ ಮೇಲೆ ಚೆಂಡನ್ನು ಮುಂದೆ ಒಯ್ಯುವವರು ಯಾರೂ ಇಲ್ಲ. ಚೆಂಡು ಬಂದು ಗಾಡಿಯ ಬಟ್ಟಲಿಗೇ ಬಿತ್ತು. ನಮ್ಮ ಗಾಡಿ ಚೆಂಡನ್ನು ಸುಮಾರು 30 ಸೆಂ.ಮೀ. ಎತ್ತರಕ್ಕೆ ಹಾರಿಸುತ್ತದೆ, ಅಂದರೆ ಗಾಳಿಯಲ್ಲಿ ಇರುವುದು ಅರ್ಧ ಸೆಕೆಂಡ್. ಗಾಡಿ ಸೆಕೆಂಡಿಗೆ ಒಂದು ಮೀಟರ್ ಹೋಗುತ್ತಿದ್ದರೆ ಅಷ್ಟರಲ್ಲಿ ಅರ್ಧ ಮೀಟರ್ ಮುಂದೆ ಹೋಗಿರುತ್ತದೆ. ಚೆಂಡೂ ಅರ್ಧ ಮೀಟರ್ ಬಂದಿದೆ, ಯಾರೂ ತಳ್ಳದೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿ. ‘ಬಟ್ಟಲಿಗೆ ಬಿತ್ತು’ ಎಂಬ ಬೆರಗು ‘ಅರ್ಧ ಮೀಟರ್ ತಾನಾಗಿ ಬಂತು’ ಎಂಬ ತಿಳಿವಾಗುವುದು ಆಗಲೇ.

ಇದೇ ಪ್ರಶ್ನೆಗಾಗಿ ಯುರೋಪಿನಲ್ಲಿ ದೊಡ್ಡ ವಾದ ನಡೆದಿತ್ತು. ಭೂಮಿ ತಿರುಗುತ್ತಿದ್ದರೆ ಗೋಪುರದಿಂದ ಬಿಟ್ಟ ಕಲ್ಲು ಹಿಂದೆ ಬೀಳಬೇಕಲ್ಲ ಎಂದು ಕೇಳುವವರಿದ್ದರು. ಗೆಲಿಲಿಯೋ 1632ರಲ್ಲಿ ಸಾಗುವ ಹಡಗಿನ ಉದಾಹರಣೆ ಕೊಟ್ಟು ಅದಕ್ಕೆ ಉತ್ತರಿಸಿದ. 1640ರಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ಪಿಯೇರ್ ಗಸೆಂಡಿ ಮಾರ್ಸೇಲಿನಲ್ಲಿ ಓಡುತ್ತಿರುವ ಹಡಗಿನ ಕೂವೆಯ ಮೇಲಿನಿಂದ ಕಲ್ಲು ಬೀಳಿಸಿ ನೋಡಿದ. ಕಲ್ಲು ಕೂವೆಯ ಬುಡದಲ್ಲೇ ಬಿತ್ತು. ಈ ಸಂಗತಿಯನ್ನು ನಾನು ಪ್ರಯೋಗ ಆದ ಮೇಲೆ ಹೇಳಿದೆ. ಹಿಂದೆ ಬೀಳುತ್ತದೆ ಎಂದು ಬರೆದವರು ಒಂದು ದೊಡ್ಡ ಚರಿತ್ರೆಯ ಭಾಗವಾಗಿದ್ದೇವೆ ಎಂದು ತಿಳಿದು ತಲೆ ಎತ್ತಿ ಕೂತರು.

ಗಾಡಿಯನ್ನು ಇಲ್ಲಿಗೆ ನಿಲ್ಲಿಸದೆ ಇನ್ನೆರಡು ಬಗೆಯಲ್ಲಿ ಓಡಿಸಿ. ದಾರಕ್ಕೆ ತೂಕ ಕಟ್ಟಿ ಮೇಜಿನ ಅಂಚಿನಿಂದ ಇಳಿಬಿಟ್ಟು ಗಾಡಿಯ ವೇಗ ಹೆಚ್ಚುತ್ತಲೇ ಇರುವಂತೆ ಮಾಡಿದರೆ ಚೆಂಡು ಹಿಂದೆ ಬೀಳುತ್ತದೆ. ಚೆಂಡು ಹಾರಿದ ಮೇಲೆ ಗಾಡಿಯನ್ನು ಕೈಯಿಂದ ತಡೆದರೆ ಮುಂದೆ ಬೀಳುತ್ತದೆ. ಮೂರರಲ್ಲೂ ಚೆಂಡು ಮಾಡಿದ್ದು ಒಂದೇ, ಬೇರೆಯಾಗಿ ನಡೆದುಕೊಂಡದ್ದು ಗಾಡಿ. ವಾಹನ ಬ್ರೇಕ್ ಹಾಕಿದಾಗ ಮುಂದಕ್ಕೆ ‘ಎಸೆಯಲ್ಪಟ್ಟೆ’ ಎನ್ನುವವರಿಗೆ ಇದನ್ನು ತೋರಿಸಬೇಕು. ಯಾರೂ ಎಸೆಯಲಿಲ್ಲ, ದೇಹ ಹೋಗುತ್ತಿದ್ದಂತೆ ಹೋಯಿತು, ನಿಂತದ್ದು ವಾಹನ. ಕೈಪಿಡಿ ಈ ಸಂದರ್ಭಕ್ಕೆ ಬಿಡಿಸಿರುವ ಚಿತ್ರದಲ್ಲಿ ಪ್ರಯಾಣಿಕನ ಎದೆಯಿಂದ ಮುಂದಕ್ಕೆ ಒಂದು ದಪ್ಪ ಬಾಣ ಹೊರಟು ಅದರ ಪಕ್ಕ ಜಡತ್ವ ಎಂದು ಬರೆದಿದೆ. ಬಲಗಳನ್ನು ಬಾಣಗಳಿಂದ ತೋರಿಸುವ ಪುಸ್ತಕದಲ್ಲಿ ಜಡತ್ವಕ್ಕೂ ಬಾಣ ಹಾಕಿದರೆ ಮಗು ಅದನ್ನು ಬಲ ಎಂದೇ ಎಣಿಸುತ್ತದೆ. ಆ ಪುಟವನ್ನು ನಾನು ಮಕ್ಕಳ ಕೈಗೆ ಕೊಡಲಿಲ್ಲ.

ಬಗ್ಗಿಸುವ ಹಳಿ ಗೆಲಿಲಿಯೋನ ಇಳಿಜಾರಿನ ವಿಚಾರಕ್ಕೆ. ಒಂದು ಇಳಿಜಾರಿನಿಂದ ಬಿಟ್ಟ ಗುಂಡು ಎದುರಿನ ಏರಿನಲ್ಲಿ ಹೆಚ್ಚುಕಡಿಮೆ ಅದೇ ಎತ್ತರಕ್ಕೆ ಏರುತ್ತದೆ. ಏರನ್ನು ತಗ್ಗಿಸುತ್ತಾ ಹೋದರೆ ಅಷ್ಟೇ ಎತ್ತರ ಮುಟ್ಟಲು ಹೆಚ್ಚು ದೂರ ಓಡುತ್ತದೆ. ಪೂರ್ತಿ ಮಲಗಿಸಿಬಿಟ್ಟರೆ? ವಿಚಾರ ಸುಂದರ, ಹಳಿ ಅಷ್ಟಾಗಿ ಇಲ್ಲ. ಎರಡು ತುಂಡು ಸೇರುವಲ್ಲಿ ಒಂದು ಸಣ್ಣ ಮೆಟ್ಟಿಲಿದ್ದು ಗುಂಡು ಅಲ್ಲಿ ಟಕ್ ಎಂದು ಕುಣಿದು ವೇಗ ಕಳೆದುಕೊಳ್ಳುತ್ತದೆ. ಒಳಗಿನಿಂದ ತೆಳು ಟೇಪ್ ಅಂಟಿಸಿ ಸರಿಮಾಡಿದೆ. ಮಲಗಿದ ಭಾಗ ತೀರ ಗಿಡ್ಡ. ಹಾಗಾಗಿ ಹಳಿ ಮುಗಿದಲ್ಲಿಂದ ಪಾಠವನ್ನು ತೇಲುಬಿಲ್ಲೆಗೆ ದಾಟಿಸಿದೆ. ಮಕ್ಕಳಲ್ಲಿ ಒಬ್ಬಳು ‘ಕೊನೆಯೇ ಇಲ್ಲದ ಹಳಿ ಎಲ್ಲಿದೆ?’ ಎಂದು ಕೇಳಿದ್ದಕ್ಕೆ ವಾಯೇಜರ್ 1ರ ಕಥೆ ಹೇಳಿದೆ. 1977ರಲ್ಲಿ ಹೊರಟ ನೌಕೆ ಈಗ ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಸೂರ್ಯನಿಂದ ದೂರ ಹೋಗುತ್ತಿದೆ. ಅದನ್ನು ಮುಂದಕ್ಕೆ ತಳ್ಳುವ ಯಾವ ಎಂಜಿನ್ನೂ ಉರಿಯುತ್ತಿಲ್ಲ. ಸಣ್ಣ ಥ್ರಸ್ಟರ್‌ಗಳಿರುವುದು ಆಂಟೆನಾವನ್ನು ಭೂಮಿಯ ಕಡೆ ತಿರುಗಿಸಿಟ್ಟುಕೊಳ್ಳಲು. ಸೂರ್ಯನ ಸೆಳೆತ ಅದರ ವೇಗವನ್ನು ಒಂದಿಷ್ಟು ಕುಗ್ಗಿಸುತ್ತಲೂ ಇದೆ, ಆದರೂ ಅದು ಹೋಗುತ್ತಲೇ ಇದೆ.

ಬಳೆಯ ಕಟ್ಟನ್ನು ಕಡೆಗಣಿಸಬೇಡಿ. ನೋಡಲು ಆಟದ ಸಾಮಾನಿನಂತಿದೆ, ಕೆಲಸ ಗಟ್ಟಿಯಾಗಿದೆ. ಬಳೆಯ ಒಳಗೋಡೆಗೆ ಒತ್ತಿ ಸುತ್ತುತ್ತಿರುವ ಗುಂಡು, ಕಳಚಿದ ಕಾಲುಭಾಗದಿಂದ ಹೊರಬಿದ್ದ ಮೇಲೆ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಕಾಗದದಲ್ಲಿ ಎಳೆಯಲು ಹೇಳಿದೆ. ಬಾಗಿದ ಗೆರೆ ಎಳೆದವರು ಬಹಳ ಜನ, ಹೊರಕ್ಕೆ ಸಿಡಿಯುವ ಗೆರೆ ಎಳೆದವರು ಕೆಲವರು. 1980ರಲ್ಲಿ ಮೆಕ್‌ಕ್ಲಾಸ್ಕಿ, ಕರಮಾಜಾ, ಗ್ರೀನ್ ಎಂಬ ಸಂಶೋಧಕರು ಬಾಗಿದ ಕೊಳವೆಯ ಚಿತ್ರ ತೋರಿಸಿ ಕಾಲೇಜು ವಿದ್ಯಾರ್ಥಿಗಳನ್ನೇ ಇದೇ ರೀತಿ ಕೇಳಿದ್ದರು. ಅಲ್ಲೂ ಬಾಗಿದ ದಾರಿ ಬರೆದವರು ಕಡಿಮೆಯಿರಲಿಲ್ಲ. ಸುತ್ತಿ ಸುತ್ತಿ ಗುಂಡಿಗೆ ಸುತ್ತುವುದು ರೂಢಿಯಾಗಿರುತ್ತದೆ ಎಂಬ ಭಾವನೆ ಅದರ ಹಿಂದಿದೆ. ಗುಂಡನ್ನು ಬಣ್ಣದ ನೀರಿನಲ್ಲಿ ಅದ್ದಿ ಬಿಳಿ ಕಾಗದದ ಮೇಲೆ ಉರುಳಿಸಿದರೆ ಗೆರೆ ಉಳಿಯುತ್ತದೆ: ಬಳೆ ಮುಗಿದ ಬಿಂದುವಿನಿಂದ ನೆಟ್ಟಗೆ, ಸ್ಪರ್ಶಕದ (ಆ ಬಿಂದುವಿನಲ್ಲಿ ಬಳೆಯನ್ನು ಮುಟ್ಟಿ ಸಾಗುವ ನೇರ ಗೆರೆಯ) ಗುಂಟ. ಮಕ್ಕಳು ತಾವು ಎಳೆದ ಗೆರೆಯ ಪಕ್ಕದಲ್ಲಿ ಅದನ್ನು ಇಟ್ಟು ನೋಡಬಹುದು. ಗುಂಡು ಬಾಗುತ್ತಿದ್ದದ್ದು ಗೋಡೆ ಒಳಕ್ಕೆ ತಳ್ಳುತ್ತಿದ್ದುದರಿಂದ, ಗೋಡೆ ಇಲ್ಲವಾದ ಕೂಡಲೇ ಬಾಗುವುದೂ ಇಲ್ಲ. ಇಷ್ಟು ಅಗ್ಗದ ಪ್ಲಾಸ್ಟಿಕ್ ತುಂಡು ಇಷ್ಟು ಕೆಲಸ ಮಾಡುವುದು ಅಪರೂಪ.

ಜಡತ್ವದ ತಕ್ಕಡಿಗೆ ಸಮಯ ಹೆಚ್ಚು ಬೇಕು. ಉಕ್ಕಿನ ಪಟ್ಟಿಗಳ ತುದಿಯ ತಟ್ಟೆಯನ್ನು ಅಡ್ಡಕ್ಕೆ ಸೆಳೆದು ಬಿಟ್ಟರೆ ಅದು ಅತ್ತಿತ್ತ ಆಡುತ್ತದೆ. ತಟ್ಟೆಯಲ್ಲಿ ತೂಕ ಹೆಚ್ಚಿಸಿದರೆ ಆಟ ನಿಧಾನ. 20 ಆಂದೋಲನಗಳ ಸಮಯ ಎಣಿಸಿ, ಒಂದರ ಸಮಯ ಕಂಡುಕೊಂಡು, ಅದರ ವರ್ಗವನ್ನು ದ್ರವ್ಯರಾಶಿಯ ಎದುರು ಗ್ರಾಫ್ ಹಾಕಿದರೆ ನೇರ ಗೆರೆ ಬರುತ್ತದೆ. ಗೆರೆ ಮೂಲಬಿಂದುವಿನಿಂದ ಹೊರಡುವುದಿಲ್ಲ, ತಟ್ಟೆಗೂ ದ್ರವ್ಯರಾಶಿ ಇದೆಯಲ್ಲ. ಆ ಗ್ರಾಫ್ ಇಟ್ಟುಕೊಂಡು ಗೊತ್ತಿಲ್ಲದ ಕಲ್ಲಿನ ದ್ರವ್ಯರಾಶಿ ಕಂಡುಹಿಡಿಯುವುದು ಮಕ್ಕಳಿಗೆ ಬಹಳ ಇಷ್ಟ. ಆದರೆ ಈ ತಕ್ಕಡಿಯ ನಿಜವಾದ ಬೆಲೆ ಇರುವುದು ಇನ್ನೊಂದು ಕಡೆ. ‘ಭಾರ ಇರುವುದರಿಂದ ಜಡತ್ವ, ಅಂತರಿಕ್ಷದಲ್ಲಿ ಭಾರ ಇಲ್ಲ, ಆದ್ದರಿಂದ ಅಲ್ಲಿ ಜಡತ್ವವೂ ಇಲ್ಲ’ ಎಂಬ ನಂಬಿಕೆ ದೊಡ್ಡ ತರಗತಿಗಳವರೆಗೂ ಉಳಿದಿರುತ್ತದೆ. ತಟ್ಟೆಯ ತೂಕವನ್ನು ಮೇಲಿನಿಂದ ಉದ್ದನೆಯ ದಾರದಲ್ಲಿ ತೂಗುಹಾಕಿ, ಅದರ ಭಾರ ತಟ್ಟೆಯ ಮೇಲೆ ಬೀಳದ ಹಾಗೆ, ಆದರೆ ತಟ್ಟೆಯ ಜೊತೆಗೇ ಅತ್ತಿತ್ತ ಆಡುವ ಹಾಗೆ ಮಾಡಿ. ಸಮಯ ಬದಲಾಗುವುದಿಲ್ಲ ಎಂದೇ ಹೇಳಬಹುದು. ಭಾರವನ್ನು ದಾರ ಹೊತ್ತಿತು, ಅಲುಗಾಡಿಸುವ ಕಷ್ಟ ಹಾಗೇ ಉಳಿಯಿತು. 1973ರಲ್ಲಿ ಅಮೆರಿಕದ ಅಂತರಿಕ್ಷ ನಿಲ್ದಾಣ ಸ್ಕೈಲ್ಯಾಬ್‌ನಲ್ಲಿ ಗಗನಯಾತ್ರಿಗಳು ತಮ್ಮ ದ್ರವ್ಯರಾಶಿಯನ್ನು ಅಳೆದುಕೊಂಡದ್ದು ಇದೇ ತತ್ತ್ವದಿಂದ, ಸ್ಪ್ರಿಂಗಿನ ಮೇಲೆ ಆಡುವ ಆಸನದಲ್ಲಿ ಕೂತು. ಮಾತು ಅಲ್ಲಿಗೆ ಬಂದಾಗ ಇನ್ನೊಂದನ್ನೂ ಹೇಳಿಬಿಡಿ: 400 ಕಿ.ಮೀ. ಎತ್ತರದಲ್ಲೂ ಭೂಮಿಯ ಗುರುತ್ವ ನೆಲದ ಮೇಲಿನದರ ಸುಮಾರು 90 ಶೇಕಡಾ ಇರುತ್ತದೆ. ಅಲ್ಲಿ ತೇಲುವುದು ಗುರುತ್ವ ಇಲ್ಲ ಎಂದಲ್ಲ, ನೌಕೆಯೂ ಒಳಗಿನವರೂ ಒಟ್ಟಿಗೆ ಬೀಳುತ್ತಿರುವುದರಿಂದ.

ಸಾಮಾನಿಗಿಂತ ನನಗೆ ಹೆಚ್ಚು ಬೇಸರ ತಂದದ್ದು ಕೈಪಿಡಿಯ ಕ್ರಮ. ಪ್ರತಿ ಪ್ರಯೋಗಕ್ಕೂ ‘ತೋರಿಸಿ, ವಿವರಿಸಿ’ ಎಂದಿದೆ. ಮಕ್ಕಳು ಮೊದಲು ಊಹಿಸಬೇಕು ಎಂಬ ಮಾತು ಎಲ್ಲೂ ಇಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಎರಿಕ್ ಮಜೂರ್ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ನೇರ ಸಂಬಂಧಿಸಿದ್ದು. ಪ್ರಯೋಗವನ್ನು ಸುಮ್ಮನೆ ನೋಡಿದ ವಿದ್ಯಾರ್ಥಿಗಳು, ನೋಡದೇ ಇದ್ದವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ಅರ್ಥಮಾಡಿಕೊಂಡಿರಲಿಲ್ಲ. ಮೊದಲೇ ಊಹಿಸಿ ನಂತರ ನೋಡಿದವರು ಹೆಚ್ಚು ಅರ್ಥಮಾಡಿಕೊಂಡಿದ್ದರು. ಭೌತವಿಜ್ಞಾನದ ಕಲಿಕೆಯನ್ನು ಅಧ್ಯಯನ ಮಾಡಿದ ರಿಚರ್ಡ್ ಹೇಕ್ 1998ರಲ್ಲಿ 6,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಫಲಿತಾಂಶ ಕಲೆಹಾಕಿದಾಗಲೂ ಅದೇ ದಿಕ್ಕು ಕಂಡಿತ್ತು. ಕಲಿಯಲು ಬಾಕಿಯಿದ್ದುದರಲ್ಲಿ, ಉಪನ್ಯಾಸ ಕೇಳಿದ ತರಗತಿಗಳು ಸರಾಸರಿ 23 ಶೇಕಡಾ ಗಳಿಸಿದ್ದರೆ, ವಿದ್ಯಾರ್ಥಿಗಳು ತಾವೇ ಯೋಚಿಸಿ ಚರ್ಚಿಸುವ ತರಗತಿಗಳು 48 ಶೇಕಡಾ ಗಳಿಸಿದ್ದವು. ಆದ್ದರಿಂದ ನನ್ನ ತರಗತಿಯಲ್ಲಿ ಚೀಟಿ ಕಡ್ಡಾಯ. ಏನಾಗುತ್ತದೆ, ಯಾಕೆ, ಎಂದು ಎರಡು ಸಾಲು ಬರೆದು ಪಕ್ಕದವರ ಜೊತೆ ವಾದ ಮಾಡಿದ ಮೇಲೆಯೇ ನಾನು ಬಿಲ್ಲೆ ಮುಟ್ಟುವುದು. ಯಾವ ಚೀಟಿಗೂ ಅಂಕ ಇಲ್ಲ, ಹೆಸರು ಬರೆಯುವುದೂ ಬೇಡ. ಹಾಗಿದ್ದರೆ ಮಾತ್ರ ನಿಜವಾಗಿ ನಂಬಿದ್ದನ್ನು ಬರೆಯುತ್ತಾರೆ.

ಪೆಟ್ಟಿಗೆ ಮುಟ್ಟದೆ ಬಿಟ್ಟ ಒಂದು ಜಾಗ ಇದೆ. ಮೇಲಕ್ಕೆ ಎಸೆದ ಚೆಂಡು ಇನ್ನೂ ಏರುತ್ತಿರುವಾಗ ಅದರ ಮೇಲೆ ಯಾವ ಬಲಗಳಿವೆ? 1982ರಲ್ಲಿ ಜಾನ್ ಕ್ಲೆಮೆಂಟ್ ಎಂಬ ಸಂಶೋಧಕ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಾಣ್ಯದ ರೂಪದಲ್ಲಿ ಇದೇ ಪ್ರಶ್ನೆ ಕೇಳಿದಾಗ ಬಹುಮಂದಿ ಮೇಲ್ಮುಖವಾದ ಒಂದು ಬಲವನ್ನು ಬರೆದಿದ್ದರು. ತೇಲುಬಿಲ್ಲೆಯ ಪಾಠ ಚೆನ್ನಾಗಿ ಆದ ಮಕ್ಕಳೂ ಕೆಲವು ವಾರಗಳ ನಂತರ ಈ ಪ್ರಶ್ನೆಯಲ್ಲಿ ಹಳೆಯ ದಾರಿಗೇ ಮರಳಿದರು. ಅಡ್ಡ ಚಲನೆಯಲ್ಲಿ ಬಿಟ್ಟ ನಂಬಿಕೆಯನ್ನು ಮೇಲ್ಮುಖ ಚಲನೆಯಲ್ಲಿ ಹಿಡಿದುಕೊಂಡಿರುತ್ತಾರೆ. ಇದಕ್ಕೆ ನಾನು ಪೆಟ್ಟಿಗೆಯ ಚೆಂಡನ್ನೇ ತೆಗೆದುಕೊಂಡು, ಬಲ ತೋರಿಸಲು ಮಕ್ಕಳು ಎಳೆದ ಒಂದೊಂದು ಬಾಣಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ: ಈ ಬಲವನ್ನು ಕೊಡುತ್ತಿರುವುದು ಯಾರು? ಕೆಳಗಿನ ಬಾಣಕ್ಕೆ ಭೂಮಿ. ಮೇಲಿನ ಬಾಣಕ್ಕೆ ‘ಕೈ’ ಅನ್ನುತ್ತಾರೆ. ಕೈ ಈಗ ಚೆಂಡನ್ನು ಮುಟ್ಟುತ್ತಿದೆಯೇ? ಇಲ್ಲ. ಹಾಗಾದರೆ ಬಾಣ ಅಳಿಸಬೇಕು. ಅಳಿಸುವ ಮುನ್ನ ಕೈ ತಡೆಯುತ್ತಾರೆ, ಮತ್ತೆ ತೇಲುಬಿಲ್ಲೆಯನ್ನು ನೆನಪು ಮಾಡಿಕೊಡಬೇಕಾಗುತ್ತದೆ. ಇದಕ್ಕೆ ಒಂದು ತರಗತಿ ಪೂರ್ತಿ ಬೇಕು, ಅವಸರ ಮಾಡುವಂತಿಲ್ಲ.

ಪೆಟ್ಟಿಗೆ ಕೊಳ್ಳಲು ಆಗದವರಿಗೆ: ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ ಫೆಟ್ (PhET) ಯೋಜನೆಯ ಬಲ ಮತ್ತು ಚಲನೆಯ ಸಿಮ್ಯುಲೇಶನ್, ಅಂದರೆ ಕಂಪ್ಯೂಟರಿನಲ್ಲಿ ಆಡಿಸಿ ನೋಡುವ ಪ್ರಯೋಗ, ಉಚಿತವಾಗಿ ಸಿಗುತ್ತದೆ. ಘರ್ಷಣೆಯ ಗುಂಡಿಯನ್ನು ಸೊನ್ನೆಗೆ ಎಳೆದು, ಪರದೆಯ ಮೇಲೆ ತಳ್ಳಿ ಬಿಟ್ಟ ಪೆಟ್ಟಿಗೆಯ ವೇಗ ಹಾಗೇ ಉಳಿಯುವುದನ್ನು ನೋಡಬಹುದು. ನಾನು ಅದನ್ನು ತೇಲುಬಿಲ್ಲೆಯ ನಂತರ ಬಳಸುತ್ತೇನೆ. ನೆಲದ ಮೇಲೆ ಕಣ್ಣಾರೆ ನೋಡಿದ ಮಕ್ಕಳು ಪರದೆಯನ್ನು ನಂಬುತ್ತಾರೆ, ಪರದೆ ಮೊದಲು ಬಂದರೆ ‘ಅದು ಕಂಪ್ಯೂಟರ್ ಮೇಡಂ, ಹೇಳಿದ ಹಾಗೆ ಕೇಳುತ್ತೆ’ ಎನ್ನುತ್ತಾರೆ.

ಕೊಳ್ಳುವವರಿಗೆ ನನ್ನ ಸಲಹೆ: ಎರಡು ತೇಲುವ ಡಿಸ್ಕ್ ಇರುವ ಪೆಟ್ಟಿಗೆಯನ್ನೇ ಕೇಳಿ, ಒಂದೇ ಇದ್ದರೆ ಅಕ್ಕಪಕ್ಕ ಓಡಿಸುವ ಪ್ರಯೋಗ ಆಗುವುದಿಲ್ಲ. ಗಾಡಿಯ ಸ್ಪ್ರಿಂಗ್ ಬೀಗವನ್ನು ಅಂಗಡಿಯಲ್ಲೇ ತಟ್ಟಿ ನೋಡಿ. ಬೀಗ ಬಿಗಿಯಾಗಿದ್ದರೆ ಮೊಳೆ ತಟ್ಟಿದಾಗ ಗಾಡಿಯೇ ಕುಲುಕಿ ವೇಗ ಬದಲಾಗುತ್ತದೆ, ಚೆಂಡು ಬಟ್ಟಲು ತಪ್ಪುತ್ತದೆ, ಮಕ್ಕಳ ಹಳೆಯ ನಂಬಿಕೆಯೇ ಗೆದ್ದಂತೆ ಕಾಣುತ್ತದೆ. ಹಳಿಯ ಕೀಲನ್ನು ಬೆರಳಿನಿಂದ ಸವರಿ ನೋಡಿ. ರಸಮಟ್ಟ, ಹೆಚ್ಚಿನ ದಾರ, ಬದಲಿ ಬ್ಯಾಟರಿ ಬೇರೆಯಾಗಿ ತಂದಿಟ್ಟುಕೊಳ್ಳಿ. ಲೋಟ ಮತ್ತು ರಟ್ಟನ್ನು ನಾನು ಈಗ ಪಾಠದ ಕೊನೆಗೆ ಸರಿಸಿದ್ದೇನೆ. ನಿಧಾನವಾಗಿ ಎಳೆದರೆ ಬಿಲ್ಲೆ ಯಾಕೆ ಜೊತೆಗೆ ಬರುತ್ತದೆ, ಚಿಮ್ಮಿದರೆ ಯಾಕೆ ಬರುವುದಿಲ್ಲ, ಘರ್ಷಣೆ ಎಷ್ಟು ಹೊತ್ತು ಎಳೆಯಿತು ಎಂದು ಮಕ್ಕಳೇ ವಿವರಿಸಬೇಕು.